ಪಟ್ಟಿಗಳು ಸರಿ, ಪ್ರಾವಸ್ಥೆ ತಪ್ಪು: ಅಲೆಗಳನ್ನು ಎಣಿಸಿ ದೋಷ ಹುಡುಕುವ ಕ್ರಮ

ಒಂದೇ ಬೆಳಕಿನ ಎರಡು ಕಿರಣಗಳು ಕೂಡಿದಾಗ ಮೂಡುವ ಕಪ್ಪು ಬಿಳುಪು ಗೆರೆಗಳ, ಎಂದರೆ ವ್ಯತಿಕರಣ ಪಟ್ಟಿಗಳ, ಚಿತ್ರ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಅದರಿಂದ ಪ್ರಾವಸ್ಥೆಯನ್ನು, ಎಂದರೆ ಆ ಎರಡು ಅಲೆಗಳು ಒಂದಕ್ಕೊಂದು ಎಷ್ಟು ಹಿಂದೆ ಮುಂದೆ ಇವೆಯೆಂಬುದನ್ನು, ಲೆಕ್ಕಹಾಕಿ ಗಾಜಿನ ಮೇಲ್ಮೈಯನ್ನು ಚಿತ್ರಿಸಿದರೆ ಹಂಚಿನ ಮಾಡಿನ ಹಾಗೆ ಸಾಲು ಸಾಲು ಏರಿಳಿತ ಮೂಡಿರುತ್ತದೆ. ಈ ಕೆಲಸಕ್ಕೆ ಕೈಹಾಕಿದವರೆಲ್ಲ ಒಂದಲ್ಲ ಒಂದು ದಿನ ಇದನ್ನು ಕಂಡಿರುತ್ತಾರೆ, ಮತ್ತು ಬಹುಪಾಲು ಮಂದಿ ಮೊದಲು ತಂತ್ರಾಂಶವನ್ನು ಬದಲಿಸಲು ಹೊರಡುತ್ತಾರೆ. ನಾನೂ ಹಾಗೆಯೇ ಹೊರಟು ಎರಡು ತಿಂಗಳು ಕಳೆದವನು. ಕಾಸರಗೋಡಿನ ಕಡೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದ ಮೇಲೆ, ಬದಿಯಡ್ಕದ ಸಮೀಪದ ಮನೆಯ ಹಿಂದಿರುವ ಮುರಕಲ್ಲಿನ ಕೋಣೆಯಲ್ಲಿ ಗಾಜಿನ ಬಿಲ್ಲೆಗಳನ್ನು ಅಳೆಯುವ ಸಣ್ಣದೊಂದು ವ್ಯವಸ್ಥೆಯನ್ನು ಕಟ್ಟಿಕೊಂಡಿದ್ದೇನೆ. ಅಲ್ಲಿ ಕಲಿತ ಮುಖ್ಯ ಪಾಠವೆಂದರೆ, ತಪ್ಪಿನ ಆಕಾರವನ್ನು ಸರಿಯಾಗಿ ನೋಡಿದರೆ ಅದರ ಮೂಲ ಎಲ್ಲಿದೆಯೆಂದು ಅದೇ ಹೇಳುತ್ತದೆ.

ನನ್ನ ವ್ಯವಸ್ಥೆ ಟ್ವೈಮನ್–ಗ್ರೀನ್ ಮಾದರಿಯದು. 632.8 ನ್ಯಾನೊಮೀಟರ್ ತರಂಗದೂರದ ಹೀಲಿಯಂ–ನಿಯಾನ್ ಲೇಸರ್, ಕಿರಣವನ್ನು ಇಬ್ಭಾಗಿಸುವ ಒಂದು ಗಾಜು, ಒಂದು ತೋಳಿನಲ್ಲಿ ಪರೀಕ್ಷೆಯ ಬಿಲ್ಲೆ, ಇನ್ನೊಂದರಲ್ಲಿ ವೋಲ್ಟೇಜು ಕೊಟ್ಟರೆ ತುಸುವೇ ಉಬ್ಬುವ ಪೀಜೋ ಬಝರ್ ತಟ್ಟೆಗೆ ಅಂಟಿಸಿದ ಕನ್ನಡಿ, ಕೊನೆಯಲ್ಲಿ ಕ್ಯಾಮೆರಾ. ಕನ್ನಡಿಯನ್ನು ಹೆಜ್ಜೆ ಹೆಜ್ಜೆಯಾಗಿ ಸರಿಸುತ್ತ ಒಂದೊಂದು ಚಿತ್ರ ತೆಗೆದು, ಅವುಗಳಿಂದ ಪ್ರಾವಸ್ಥೆಯನ್ನು ಲೆಕ್ಕಹಾಕುವುದು. ಬೆಳಕು ಹೋಗಿ ಮರಳಿ ಬರುವುದರಿಂದ ಮೇಲ್ಮೈ 316.4 ನ್ಯಾನೊಮೀಟರ್ ಏರಿದರೆ ಒಂದು ಪಟ್ಟಿ ಸರಿಯುತ್ತದೆ. ಒಂದು ರೇಡಿಯನ್ ಪ್ರಾವಸ್ಥೆಗೆ ಸುಮಾರು 50.4 ನ್ಯಾನೊಮೀಟರ್ ಎತ್ತರ. ಈ ಎರಡು ಅಂಕಿಗಳು ಕೈಯಲ್ಲಿದ್ದರೆ ಮುಂದಿನ ಯಾವ ದೋಷ ಎಷ್ಟು ದೊಡ್ಡದೆಂದು ಅಂದಾಜಿಸಬಹುದು.

ತಂತ್ರಾಂಶವೋ, ಮೇಜೋ?

ಮೊದಲು ಈ ಎರಡನ್ನು ಬೇರ್ಪಡಿಸಬೇಕು. ಕ್ಯಾಮೆರಾವನ್ನು ಮುಟ್ಟದೆ ಗಣಕದಲ್ಲೇ ಒಂದು ಕೃತಕ ಪಟ್ಟಿಚಿತ್ರವನ್ನು ತಯಾರಿಸಿ: 512 × 512 ಪಿಕ್ಸೆಲ್, ಹಿನ್ನೆಲೆಯ ತೀವ್ರತೆ 120, ಏರಿಳಿತದ ಪಾರ (ನಡುಮಟ್ಟದಿಂದ ತುದಿಯವರೆಗಿನ ಎತ್ತರ) 80, ಅಗಲಕ್ಕೆ 32 ಪಟ್ಟಿಗಳು, ನಡುವೆ 3 ರೇಡಿಯನ್ ಎತ್ತರದ ನಯವಾದ ಒಂದು ದಿಬ್ಬ. ನೀವೇ ಇಟ್ಟ ದಿಬ್ಬ ಲೆಕ್ಕದ ಕೊನೆಯಲ್ಲಿ 3 ರೇಡಿಯನ್ ಆಗಿಯೇ ಮರಳಿ ಬಂದರೆ ತಂತ್ರಾಂಶ ನಿರ್ದೋಷಿ. ದೋಷ ಮೇಜಿನ ಮೇಲಿದೆ. ಬಾರದಿದ್ದರೆ ಮೇಜಿನ ತಿರುಪುಗಳನ್ನು ತಿರುಗಿಸುವುದು ವ್ಯರ್ಥ.

ತಂತ್ರಾಂಶದಲ್ಲಿ ನಾನು ಮತ್ತೆ ಮತ್ತೆ ಕಂಡ ತಪ್ಪುಗಳು ಮೂರೇ. ಒಂದನೆಯದು, ಚಿತ್ರಗಳನ್ನು 8 ಬಿಟ್ ಪೂರ್ಣಾಂಕಗಳಾಗಿಯೇ (0ಯಿಂದ 255ರವರೆಗೆ ಮಾತ್ರ) ಇಟ್ಟುಕೊಂಡು ಒಂದರಿಂದ ಇನ್ನೊಂದನ್ನು ಕಳೆಯುವುದು. 40ರಿಂದ 60 ಕಳೆದರೆ ಋಣ 20 ಬರಬೇಕು. ಆದರೆ ಪೈಥಾನಿನ ನಂಪೈಯಲ್ಲಿ ಅದು ಸುತ್ತುಹೊಡೆದು 236 ಆಗುತ್ತದೆ, ಓಪನ್‌ಸಿವಿಯ ವ್ಯವಕಲನದಲ್ಲಿ ಸೊನ್ನೆಗೆ ನಿಂತುಬಿಡುತ್ತದೆ. ಎರಡೂ ಕಡೆ ದೋಷಸೂಚನೆಯೇನೂ ಬರುವುದಿಲ್ಲ, ಆದ್ದರಿಂದ ಚಿತ್ರವನ್ನು ಓದಿದ ಕೂಡಲೇ ದಶಮಾಂಶ ಸಂಖ್ಯೆಗಳಿಗೆ ಪರಿವರ್ತಿಸುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಎರಡನೆಯದು, ಎರಡು ಆರ್ಗ್ಯುಮೆಂಟುಗಳ ಟ್ಯಾನ್ ವಿಲೋಮದ ಬದಲು ಒಂದೇ ಆರ್ಗ್ಯುಮೆಂಟಿನದ್ದನ್ನು ಬಳಸುವುದು. ಆಗ ಉತ್ತರ ಋಣ ಪೈಯಿಂದ ಧನ ಪೈಯವರೆಗೆ ಹರಡದೆ ಅದರ ಅರ್ಧಕ್ಕೇ ನಿಲ್ಲುತ್ತದೆ. ಋಣ ಪೈ, ಧನ ಪೈಗಳ ನಡುವೆ ಸುತ್ತಿ ಸುತ್ತಿ ಬರುವ, ಎಂದರೆ ಮಡಿಚಿದ, ಪ್ರಾವಸ್ಥೆಯ ಚಿತ್ರದಲ್ಲಿ ಪಟ್ಟಿಗಳಿಗಿಂತ ಎರಡರಷ್ಟು ಗರಗಸದ ಹಲ್ಲುಗಳಿದ್ದರೆ ಇದೇ ಕಾರಣ. ಮೂರನೆಯದು, ಮಡಿಚಿದ ಪ್ರಾವಸ್ಥೆಯನ್ನೇ ನೇರವಾಗಿ ನಯಗೊಳಿಸುವುದು. ಧನ ಪೈ ಮತ್ತು ಋಣ ಪೈ ಒಂದೇ ಬಿಂದುವಿನ ಎರಡು ಹೆಸರುಗಳು, ಆದರೆ ಅವುಗಳ ಸರಾಸರಿ ಸೊನ್ನೆ, ಅಂದರೆ ವೃತ್ತದ ತದ್ವಿರುದ್ಧ ತುದಿ. ನಯಗೊಳಿಸಲೇಬೇಕಿದ್ದರೆ ಅದರ ಸೈನ್ ಮತ್ತು ಕೊಸೈನ್‌ಗಳನ್ನು ಬೇರೆ ಬೇರೆಯಾಗಿ ನಯಗೊಳಿಸಿ, ಆಮೇಲೆ ಕೋನವನ್ನು ತೆಗೆಯಿರಿ.

ಒಂದೇ ಚಿತ್ರದಿಂದ ಪ್ರಾವಸ್ಥೆಯನ್ನು ತೆಗೆಯುವ ಫೂರಿಯೇ ವಿಧಾನ, ಅಂದರೆ ಜಪಾನಿನ ಟಕೇಡಾ, ಇನಾ ಮತ್ತು ಕೊಬಯಾಶಿ 1982ರಲ್ಲಿ ಪ್ರಕಟಿಸಿದ ಕ್ರಮ, ನಿಮ್ಮದಾಗಿದ್ದರೆ ಕೃತಕ ಚಿತ್ರದಲ್ಲಿ 32ರ ಬದಲು 32.5 ಪಟ್ಟಿಗಳನ್ನು ಹಾಕಿ ಇನ್ನೊಮ್ಮೆ ನೋಡಿ. ಚಿತ್ರದ ಎಡ ಬಲ ಅಂಚುಗಳಲ್ಲಿ ಅಲೆಗಳು ಏಳುತ್ತವೆ. ಆ ಲೆಕ್ಕ ಚಿತ್ರದ ಬಲ ಅಂಚು ಎಡ ಅಂಚಿಗೆ ಕೂಡಿಕೊಂಡಿದೆಯೆಂದು ಭಾವಿಸುತ್ತದೆ. ಅರ್ಧ ಪಟ್ಟಿ ಉಳಿದಾಗ ಅಲ್ಲಿ ಹರಕು ಬೀಳುತ್ತದೆ. ಅಂಚುಗಳತ್ತ ತೀವ್ರತೆಯನ್ನು ಮೆಲ್ಲನೆ ಇಳಿಸುವ ಹಾನ್ ಕಿಟಕಿಯಿಂದ ಗುಣಿಸಿದರೆ ಇದು ಬಹಳ ತಗ್ಗುತ್ತದೆ, ಆದರೂ ಅಂಚಿನ ಒಂದೆರಡು ಪಟ್ಟಿಗಳಷ್ಟು ಜಾಗವನ್ನು ನಂಬದಿರುವುದೇ ಲೇಸು.

ಕ್ಯಾಮೆರಾ

ಇಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ತಾನಾಗಿ ಬೆಳಕನ್ನು ಹೊಂದಿಸಿಕೊಳ್ಳುವ ಎಲ್ಲ ಸೌಲಭ್ಯಗಳನ್ನೂ ಆರಿಸಿ. ಅತಿ ಬೆಳ್ಳಗಿನ ಜಾಗದಲ್ಲೂ ತೀವ್ರತೆ 255ನ್ನು ಮುಟ್ಟದೆ 200ರ ಸುತ್ತ ಇರುವಂತೆ ಒಡ್ಡುವಿಕೆಯ (ಎಕ್ಸ್‌ಪೋಷರಿನ) ಅವಧಿಯನ್ನು ಇಡಿ. ಚಿತ್ರವನ್ನು ಜೆಪೆಗ್‌ನಲ್ಲಿ ಉಳಿಸಬೇಡಿ, ಅದರ 8 × 8 ಪಿಕ್ಸೆಲ್‌ಗಳ ಚೌಕಗಳು ಪ್ರಾವಸ್ಥೆಯಲ್ಲಿ ಹಾಗೆಯೇ ಮೂಡುತ್ತವೆ, ಪಿಎನ್‌ಜಿ ಸಾಕು. ಬಣ್ಣದ ವೆಬ್‌ಕ್ಯಾಮ್ ಬಳಸುವವರು ಒಂದು ಮಾತನ್ನು ನೆನಪಿಡಬೇಕು. ಅದರ ಸಂವೇದಕದಲ್ಲಿ ನಾಲ್ಕು ಪಿಕ್ಸೆಲ್‌ಗಳಲ್ಲಿ ಒಂದು ಮಾತ್ರ ಕೆಂಪು ಬೆಳಕನ್ನು ನೋಡುತ್ತದೆ, ಉಳಿದುದನ್ನು ಕ್ಯಾಮೆರಾ ಊಹಿಸಿ ತುಂಬಿಸುತ್ತದೆ. ಆದ್ದರಿಂದ ಕೆಂಪು ಲೇಸರಿನಲ್ಲಿ ಒಂದು ಪಟ್ಟಿಗೆ ಎರಡು ಪಿಕ್ಸೆಲ್ ಎಂಬ ಪುಸ್ತಕದ ಮಿತಿ ನಾಲ್ಕಾಗುತ್ತದೆ. ನಾನು ಎಂಟಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಅಲೆಗಳನ್ನು ಎಣಿಸುವುದು

ಪ್ರಾವಸ್ಥೆಯ ಮಡಿಕೆ ಬಿಡಿಸಿ (2 ಪೈ ಜಿಗಿತಗಳನ್ನು ಸರಿಪಡಿಸಿ ಅಖಂಡವಾಗಿಸಿ), ಕನ್ನಡಿಯಿಂದ ಬಂದ ಓರೆಯನ್ನು ಕಳೆದು, ಉಳಿದ ಮೇಲ್ಮೈಯನ್ನು ಮೂಲ ಪಟ್ಟಿಚಿತ್ರದ ಪಕ್ಕದಲ್ಲಿ ಇಟ್ಟುಕೊಳ್ಳಿ. ಮೊದಲು ಕನ್ನಡಿಯ ತಿರುಪನ್ನು ತುಸು ತಿರುಗಿಸಿ ಪಟ್ಟಿಗಳ ಸಂಖ್ಯೆಯನ್ನು ಬದಲಿಸಿ ಇನ್ನೊಮ್ಮೆ ಅಳೆಯಿರಿ. ಗಾಜಿನಲ್ಲಿಯೇ ಇರುವ ಗೆರೆ ಎಲ್ಲಿತ್ತೋ ಅಲ್ಲಿಯೇ ನಿಲ್ಲುತ್ತದೆ. ಅಳತೆಯ ದೋಷವಾದ ಅಲೆ ಪಟ್ಟಿಗಳ ಜೊತೆಗೆ ಓಡುತ್ತದೆ, ಪಟ್ಟಿ ದಟ್ಟವಾದರೆ ತಾನೂ ದಟ್ಟವಾಗುತ್ತದೆ. ಓಡುವ ಅಲೆಯಾದರೆ ಒಂದು ಪಟ್ಟಿಯ ಅಗಲದಲ್ಲಿ ಅದು ಎಷ್ಟು ಬಾರಿ ಏರಿಳಿಯುತ್ತದೆಂದು ಎಣಿಸಿ.

ಒಂದು ಬಾರಿಯಾದರೆ ಹಿನ್ನೆಲೆಯ ಬೆಳಕು ಚಿತ್ರದಿಂದ ಚಿತ್ರಕ್ಕೆ ಬದಲಾಗಿದೆ: ಲೇಸರ್ ಇನ್ನೂ ಬಿಸಿಯಾಗುತ್ತಿದೆ, ಅಥವಾ ಕ್ಯಾಮೆರಾ ತನ್ನಿಂದ ತಾನೇ ಒಡ್ಡುವಿಕೆಯನ್ನು ತಿದ್ದುತ್ತಿದೆ. ಫೂರಿಯೇ ವಿಧಾನದಲ್ಲಾದರೆ, ಚಿತ್ರವನ್ನು ಆವರ್ತನಗಳಾಗಿ ಬಿಡಿಸಿದಾಗ ಹಿನ್ನೆಲೆಯಿಂದ ಬರುವ ನಡುವಿನ ಶಿಖರದ ಬಾಲ, ಪಟ್ಟಿಗಳಿಂದ ಬರುವ ಪಕ್ಕದ ಶಿಖರವನ್ನು ಆಯುವ ಕಿಟಕಿಯೊಳಗೆ ನುಸುಳಿದೆ. ಕನ್ನಡಿಯನ್ನು ಓರೆಮಾಡಿ ಪಟ್ಟಿಗಳನ್ನು ಹೆಚ್ಚಿಸಬೇಕು. ನಾಲ್ಕು ಬಾರಿಯಾದರೆ, ಮತ್ತು ನೀವು 90 ಡಿಗ್ರಿ ಅಂತರದ ನಾಲ್ಕು ಅಥವಾ ಐದು ಚಿತ್ರಗಳ ವಿಧಾನವನ್ನು ಬಳಸುತ್ತಿದ್ದರೆ, ಕ್ಯಾಮೆರಾ ಬೆಳಕಿಗೆ ಸಮಪ್ರಮಾಣದಲ್ಲಿ ಉತ್ತರಿಸುತ್ತಿಲ್ಲ; ಹೆಚ್ಚಾಗಿ ಬೆಳ್ಳಗಿನ ಜಾಗಗಳು 255ಕ್ಕೆ ತಾಗಿ ಚಪ್ಪಟೆಯಾಗಿರುತ್ತವೆ. 120 ಡಿಗ್ರಿ ಅಂತರದ ಮೂರು ಚಿತ್ರಗಳ ವಿಧಾನದಲ್ಲಿ ಇದೇ ರೋಗ ಮೂರು ಅಲೆಗಳಾಗಿ ಕಾಣಿಸುತ್ತದೆ.

ಎರಡು ಬಾರಿಯಾದರೆ ಕನ್ನಡಿಯ ಹೆಜ್ಜೆ ತಪ್ಪಿದೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಂತು ನೋಡಬೇಕು. 90 ಡಿಗ್ರಿಯ ಒಂದು ಹೆಜ್ಜೆಗೆ ಕನ್ನಡಿ ತರಂಗದೂರದ ಎಂಟನೆಯ ಒಂದು ಭಾಗ, ಎಂದರೆ 79.1 ನ್ಯಾನೊಮೀಟರ್ ಮಾತ್ರ ಸರಿಯಬೇಕು. ಹೆಜ್ಜೆ ಶೇಕಡಾ 5ರಷ್ಟು ಹೆಚ್ಚು ಕಡಿಮೆಯಾದರೆ ನಾಲ್ಕು ಚಿತ್ರಗಳ ವಿಧಾನದಲ್ಲಿ 0.039 ರೇಡಿಯನ್ ಪಾರದ ಅಲೆ ಏಳುತ್ತದೆ. ತಗ್ಗಿನಿಂದ ತುದಿಗೆ ಸುಮಾರು 4 ನ್ಯಾನೊಮೀಟರ್. ಕಿಟಕಿಯ ಗಾಜನ್ನು ಅಳೆಯುವವರಿಗೆ ಇದು ಲೆಕ್ಕಕ್ಕಿಲ್ಲ, ದೂರದರ್ಶಕದ ಕನ್ನಡಿಯನ್ನು ಉಜ್ಜುವವರಿಗೆ ಇದು ನಿದ್ದೆ ಕೆಡಿಸುವಷ್ಟು ದೊಡ್ಡದು. ಭಾರತದಿಂದ ಹೋಗಿ ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದ ಪಿ. ಹರಿಹರನ್ ಮತ್ತು ಅವರ ಸಂಗಡಿಗರು 1987ರಲ್ಲಿ ವಿವರಿಸಿದ ಐದು ಚಿತ್ರಗಳ ಸೂತ್ರಕ್ಕೆ ಬದಲಿಸಿದರೆ ಅದೇ ಶೇಕಡಾ 5ರ ತಪ್ಪಿನಿಂದ ಏಳುವ ಅಲೆ ಸುಮಾರು 0.0015 ರೇಡಿಯನ್‌ಗೆ ಇಳಿಯುತ್ತದೆ. ಒಂದೇ ಒಂದು ಚಿತ್ರವನ್ನು ಹೆಚ್ಚು ತೆಗೆದದ್ದಕ್ಕೆ ಇಷ್ಟು ಲಾಭ ಕೊಡುವ ಸೂತ್ರ ನನಗೆ ಬೇರೆ ಗೊತ್ತಿಲ್ಲ.

ಐದು ಚಿತ್ರಗಳ ತೀವ್ರತೆಗಳನ್ನು ಕ್ರಮವಾಗಿ ತೀ1, ತೀ2, ತೀ3, ತೀ4, ತೀ5 ಎನ್ನೋಣ. ಪ್ರಾವಸ್ಥೆಯ ಟ್ಯಾನ್ ಬೆಲೆಯಲ್ಲಿ ಮೇಲೆ 2 × (ತೀ2 − ತೀ4), ಕೆಳಗೆ 2 × ತೀ3 − ತೀ1 − ತೀ5. ಇದೇ ಐದು ಚಿತ್ರಗಳಿಂದ ಹೆಜ್ಜೆಯ ಕೋನವನ್ನೂ ಪ್ರತಿ ಪಿಕ್ಸೆಲ್‌ನಲ್ಲಿ ಕಂಡುಹಿಡಿಯಬಹುದು: ಆ ಕೋನದ ಕೊಸೈನ್ ಎಂದರೆ (ತೀ5 − ತೀ1) ಅನ್ನು 2 × (ತೀ4 − ತೀ2) ಇಂದ ಭಾಗಿಸಿದ ಬೆಲೆ. ತೀ4 ಮತ್ತು ತೀ2ರ ವ್ಯತ್ಯಾಸ 20ಕ್ಕಿಂತ ಕಡಿಮೆಯಿರುವ ಪಿಕ್ಸೆಲ್‌ಗಳನ್ನು ಬಿಟ್ಟು, ಉಳಿದವುಗಳ ಕೋನಗಳನ್ನು ಸ್ತಂಭಾಲೇಖವಾಗಿ ಬಿಡಿಸಿ ನೋಡಬೇಕು. ವೈದ್ಯರು ನಾಡಿ ಹಿಡಿದು ನೋಡುವ ಹಾಗೆ, ನಾನು ಪ್ರತಿ ಅಳತೆಗೂ ಮೊದಲು ಇದನ್ನೊಂದು ನೋಡುತ್ತೇನೆ. ಶಿಖರ ಸಪೂರವಾಗಿದ್ದು 90ರ ಬದಲು 84ರಲ್ಲಿ ನಿಂತಿದ್ದರೆ ಪೀಜೋಗೆ ಕೊಡುವ ವೋಲ್ಟೇಜು ಕಡಿಮೆಯಾಗಿದೆ. ಹೆಜ್ಜೆಯ ವೋಲ್ಟೇಜನ್ನು ಶೇಕಡಾ 7ರಷ್ಟು ಏರಿಸಿದರೆ ಮುಗಿಯಿತು. ಶಿಖರ ಅಗಲವಾಗಿದ್ದು, ಕೋನಗಳನ್ನು ಚಿತ್ರವಾಗಿ ಬಿಡಿಸಿದಾಗ ಒಂದು ಬದಿಯಿಂದ ಇನ್ನೊಂದು ಬದಿಗೆ ಇಳಿಜಾರು ಕಂಡರೆ, ಕನ್ನಡಿ ಸರಿಯುವಾಗ ವಾಲುತ್ತಿದೆ, ಅದನ್ನು ತಟ್ಟೆಯ ನಡುವಿಗೆ ಸರಿಯಾಗಿ ಅಂಟಿಸಿಲ್ಲ. ಶಿಖರ ಅಗಲವಾಗಿದ್ದು ಪ್ರತಿ ಸಲವೂ ಬೇರೆ ಬೇರೆ ಕಡೆ ಬಿದ್ದರೆ ಅದು ಕಂಪನ.

ನನ್ನ ಎರಡು ತಿಂಗಳನ್ನು ತಿಂದದ್ದು ಈ ಮೂರನೆಯದು. ಬೆಳಗ್ಗೆ ಅಳೆದರೆ ಅಲೆಗಳು, ಮಧ್ಯಾಹ್ನದ ಮೇಲೆ ಅಳೆದರೆ ಮೇಲ್ಮೈ ಸ್ವಚ್ಛ. ಬೆಳಗಿನ ತಂಪಿನಲ್ಲಿ ಪೀಜೋದ ಗುಣ ಬದಲಾಗುತ್ತದೆಂದು ನಾನು ನಂಬಿ, ಅದಕ್ಕೊಂದು ಉಷ್ಣತೆಯ ತಿದ್ದುಪಡಿಯನ್ನೂ ತಂತ್ರಾಂಶದಲ್ಲಿ ಬರೆದು, ಅದು ಕೆಲಸ ಮಾಡಿದೆಯೆಂದು ಒಂದು ವಾರ ಖುಷಿಪಟ್ಟಿದ್ದೆ. ಆ ವಾರ ಕರೆಂಟು ಸರಿಯಿಲ್ಲದೆ ತೋಟಕ್ಕೆ ನೀರು ಬಿಟ್ಟಿರಲಿಲ್ಲ ಎಂಬುದು ಹೊಳೆಯಲು ಇನ್ನೊಂದು ವಾರ ಬೇಕಾಯಿತು. ಬೇಸಗೆಯಲ್ಲಿ ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ಓಡುವುದು ಬೆಳಗ್ಗೆ. ಪಂಪಿನ ಶೆಡ್ಡು ಕೋಣೆಯಿಂದ ಇಪ್ಪತ್ತು ಹೆಜ್ಜೆ ದೂರವಿದ್ದರೂ ನನ್ನ ಮೇಜಿನ ಹಲಗೆ ಮುರಕಲ್ಲಿನ ಗೋಡೆಗೇ ಕಚ್ಚಿಕೊಂಡಿತ್ತು. ನಿಮಿಷಕ್ಕೆ 2,900ರ ಆಸುಪಾಸು ಸುತ್ತುವ ಮೋಟರು ಸೆಕೆಂಡಿಗೆ ಸುಮಾರು 48 ಸಲ ಅಲುಗಿಸುತ್ತದೆ. ಕ್ಯಾಮೆರಾದ ಒಡ್ಡುವಿಕೆ 2 ಮಿಲಿಸೆಕೆಂಡ್ ಆಗಿದ್ದುದರಿಂದ ಒಂದೊಂದು ಚಿತ್ರದಲ್ಲೂ ಪಟ್ಟಿಗಳು ಅಚ್ಚುಕಟ್ಟಾಗಿ ನಿಂತಂತೆಯೇ ಕಾಣುತ್ತಿದ್ದವು, ಆದರೆ ಐದು ಚಿತ್ರಗಳ ನಡುವಿನ ಹೆಜ್ಜೆಗಳು ಐದು ದಿಕ್ಕಿಗೆ ಹೋಗಿದ್ದವು. ಪಟ್ಟಿಗಳು ಸ್ಪಷ್ಟವಾಗಿರುವುದು ಕಂಪನವಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಒಡ್ಡುವಿಕೆಯನ್ನು 40 ಮಿಲಿಸೆಕೆಂಡಿಗೆ ಏರಿಸಿ, ಬೆಳಕನ್ನು ಅದಕ್ಕೆ ತಕ್ಕಂತೆ ತಗ್ಗಿಸಿ ನೋಡಿದಾಗ ಪಟ್ಟಿಗಳು ಮಸುಕಾದರೆ ಕಂಪನ ಇದೆಯೆಂದೇ ಅರ್ಥ.

ಪರಿಹಾರ ಅಗ್ಗದ್ದೇ. ಹಲಗೆಯನ್ನು ಗೋಡೆಯಿಂದ ಬಿಡಿಸಿ, ನೆಲದ ಮೇಲೆ ಸ್ಕೂಟರಿನ ಟ್ಯೂಬ್ ಇಟ್ಟು, ಅದಕ್ಕೆ ಮೆತ್ತಗಿರುವಷ್ಟೇ ಗಾಳಿ ತುಂಬಿ, ಮೇಲೆ ದಪ್ಪದ ಕಡಪ ಕಲ್ಲಿನ ಚಪ್ಪಡಿ ಹಾಸಿದೆ. ಟ್ಯೂಬನ್ನು ಗಟ್ಟಿಯಾಗಿ ಉಬ್ಬಿಸಿದರೆ ಪ್ರಯೋಜನವಿಲ್ಲ, ಬೆರಳಲ್ಲಿ ಒತ್ತಿದರೆ ತಗ್ಗಬೇಕು. ಹಿಂದೆ ಕಾಲೇಜಿನಲ್ಲಿದ್ದಾಗ ಮಂಗಳೂರಿನ ಕಡೆಯ ರೈಲು ಹೋದಾಗಲೆಲ್ಲ ಪಟ್ಟಿಗಳು ನಡುಗುತ್ತಿದ್ದವು. ಅಲ್ಲಿ ನಮಗಿದ್ದ ಒಂದೇ ಉಪಾಯ ಹಳಿಯ ಸದ್ದು ಅಡಗುವವರೆಗೆ ಕಾಯುವುದು.

ಪೀಜೋ ತಟ್ಟೆಗೆ ಇನ್ನೊಂದು ದುರ್ಗುಣವಿದೆ. ಅದೇ ವೋಲ್ಟೇಜಿನಲ್ಲಿ ಏರುವಾಗ ಒಂದು ಕಡೆ, ಇಳಿಯುವಾಗ ಇನ್ನೊಂದು ಕಡೆ ನಿಲ್ಲುತ್ತದೆ. ಹಾಗಾಗಿ ಪ್ರತಿ ಸಲ ಸೊನ್ನೆಯಿಂದ ಮೇಲಕ್ಕೇ ಹೋಗಬೇಕು, ಮತ್ತು ಮೊದಲ ಮೂರು ಸುತ್ತುಗಳ ಚಿತ್ರಗಳನ್ನು ಇಟ್ಟುಕೊಳ್ಳಬಾರದು.

ಕಂಪನವೂ ಅಲ್ಲ, ಪೀಜೋವೂ ಅಲ್ಲ ಎಂದಾದ ಮೇಲೂ ಪಟ್ಟಿಗಳು ಮೆಲ್ಲನೆ ತೇಲುತ್ತಿದ್ದರೆ ಗಾಳಿಯನ್ನು ಅನುಮಾನಿಸಬೇಕು. ಉಷ್ಣತೆ ಒಂದು ಡಿಗ್ರಿ ಬದಲಾದರೆ ಗಾಳಿಯ ವಕ್ರೀಭವನ ಸೂಚ್ಯಂಕ ಸುಮಾರು ಹತ್ತು ಲಕ್ಷದಲ್ಲಿ ಒಂದರಷ್ಟು ಬದಲಾಗುತ್ತದೆ. ಕೇಳಲು ಏನೇನೂ ಅಲ್ಲ. ಆದರೆ 30 ಸೆಂಟಿಮೀಟರ್ ತೋಳಿನಲ್ಲಿ ಬೆಳಕು ಹೋಗಿ ಬರುವ 60 ಸೆಂಟಿಮೀಟರಿಗೆ ಅದು 0.6 ಮೈಕ್ರೊಮೀಟರ್, ಅಂದರೆ ಹತ್ತಿರ ಹತ್ತಿರ ಒಂದು ಪೂರ್ತಿ ಪಟ್ಟಿ. ನಮ್ಮ ಕಡೆಯ ಸೆಕೆಗೆ ಫ್ಯಾನ್ ಇಲ್ಲದೆ ಕೂರುವುದು ಕಷ್ಟ, ಆದರೂ ಅಳೆಯುವ ಹೊತ್ತಿಗೆ ಫ್ಯಾನ್ ಆರಿಸಿ, ಎರಡು ತೋಳುಗಳ ಮೇಲೂ ರಟ್ಟಿನ ಪೆಟ್ಟಿಗೆ ಮುಚ್ಚಿ, ಹತ್ತು ನಿಮಿಷ ಹೊರಗೆ ಹೋಗಿ ಬರಬೇಕು. ನಮ್ಮ ಮೈಯೂ ಒಂದು ಒಲೆಯೇ.

ಎರಡು ಪಟ್ಟಿಸಾಲುಗಳು ಒಂದರ ಮೇಲೊಂದು

ಬಿಲ್ಲೆಯ ಮುಂದಿನ ಮೈಯಂತೆ ಹಿಂದಿನ ಮೈಯೂ ಬೆಳಕನ್ನು ಪ್ರತಿಫಲಿಸುತ್ತದೆ, ತಲಾ ಶೇಕಡಾ 4ರ ಸುಮಾರಿಗೆ. ಹಾಗಾಗಿ ಪರದೆಯ ಮೇಲೆ ಬೇಕಾದ ಪಟ್ಟಿಗಳ ಜೊತೆಗೆ ಬೇಡದ ಮತ್ತೊಂದು ಸಾಲು ಹೆಣೆದುಕೊಂಡು ಯಾವ ಸೂತ್ರಕ್ಕೂ ಬಗ್ಗದ ಪ್ರಾವಸ್ಥೆ ಹೊರಡುತ್ತದೆ. ಕನ್ನಡಿಯ ತೋಳಿಗೆ ಕಾಗದ ಅಡ್ಡ ಹಿಡಿದಾಗಲೂ ಪಟ್ಟಿಗಳು ಉಳಿದರೆ ಅವು ಬಿಲ್ಲೆಯ ಎರಡು ಮೈಗಳ ನಡುವಿನವು. ಇದಕ್ಕೆ ಮನೆಯಲ್ಲೇ ಮದ್ದಿದೆ. ಬಿಲ್ಲೆಯ ಹಿಂಬದಿಗೆ ತೆಂಗಿನೆಣ್ಣೆ ಸವರಿ, ಗುಳ್ಳೆ ನಿಲ್ಲದಂತೆ ಕರಿ ಕಾಗದ ಹಚ್ಚಿ. ಗಾಜಿನ ವಕ್ರೀಭವನ ಸೂಚ್ಯಂಕ 1.52, ತೆಂಗಿನೆಣ್ಣೆಯದ್ದು 1.45ರ ಹತ್ತಿರ, ಎರಡರ ನಡುವಿನ ಗಡಿಯಲ್ಲಿ ಪ್ರತಿಫಲನ ಶೇಕಡಾ 0.06ಕ್ಕೆ ಇಳಿದು, ಉಳಿದ ಬೆಳಕನ್ನು ಕಾಗದ ನುಂಗುತ್ತದೆ. ಪುಸ್ತಕಗಳು ವ್ಯಾಸಲೀನ್ ಹೇಳುತ್ತವೆ, ಅದೂ ಆಗಬಹುದು. ಆದರೆ ಎಣ್ಣೆಯನ್ನು ಸೀಗೆಪುಡಿಯಲ್ಲಿ ತೊಳೆಯುವುದು ಸುಲಭ. ಎಣ್ಣೆ ಅಂಚಿನಿಂದ ಮುಂದಿನ ಮೈಗೆ ಹರಿಯದಂತೆ ಎರಡು ಹನಿಗೆ ನಿಲ್ಲಿಸಿ.

ಮಡಿಕೆ ಬಿಡಿಸುವಾಗ ಬೀಳುವ ಗೆರೆಗಳು

ಮೇಲ್ಮೈಯಲ್ಲಿ ಒಂದು ಬಿಂದುವಿನಿಂದ ಹೊರಟು ಚಿತ್ರದ ಅಂಚಿನವರೆಗೆ 2 ಪೈ ಎತ್ತರದ ಮೆಟ್ಟಿಲು ಎಳೆದುಕೊಂಡು ಹೋಗಿದ್ದರೆ, ದೋಷ ಮೆಟ್ಟಿಲಿನ ಉದ್ದಕ್ಕೂ ಇಲ್ಲ, ಅದು ಹೊರಟ ಬಿಂದುವಿನಲ್ಲಿದೆ. ಅಕ್ಕಪಕ್ಕದ ನಾಲ್ಕು ಪಿಕ್ಸೆಲ್‌ಗಳನ್ನು ಸುತ್ತಿ ಬಂದು ಪ್ರಾವಸ್ಥೆಯ ವ್ಯತ್ಯಾಸಗಳನ್ನು (ಪ್ರತಿಯೊಂದನ್ನೂ ಋಣ ಪೈ, ಧನ ಪೈಗಳೊಳಗೆ ಮಡಿಚಿ) ಕೂಡಿಸಿದಾಗ ಸೊನ್ನೆ ಬರಬೇಕು. 2 ಪೈ ಬಂದರೆ ಅಲ್ಲಿ ಧೂಳಿನ ಕಣವೋ, ಗೀರೋ, ಮಳೆಗಾಲದಲ್ಲಿ ಗಾಜಿಗೆ ಹತ್ತುವ ಬೂಸ್ಟಿನ ಚುಕ್ಕೆಯೋ ಇದೆ. ಇಂಥ ಬಿಂದುಗಳನ್ನು ಜೋಡಿಸಿ ಅವುಗಳ ನಡುವಿನ ಗೆರೆಯನ್ನು ದಾಟದಂತೆ ಮಡಿಕೆ ಬಿಡಿಸುವ ಉಪಾಯವನ್ನು ಗೋಲ್ಡ್‌ಸ್ಟೀನ್, ಝೆಬ್ಕರ್ ಮತ್ತು ವರ್ನರ್ 1988ರಲ್ಲಿ ರೇಡಾರ್ ಚಿತ್ರಗಳಿಗಾಗಿ ಕೊಟ್ಟರು. ಭೂಮಿಯ ಎತ್ತರಕ್ಕೆ ಹೊಂದಿದ್ದು ಬಿಲ್ಲೆಗೂ ಹೊಂದುತ್ತದೆ. ಆದರೆ ನನ್ನ ಅನುಭವದಲ್ಲಿ ಇಂಥ ಬಿಂದುಗಳು ನೂರಾರು ಇದ್ದರೆ ಜಾಣ ಕ್ರಮವಿಧಿಗಿಂತ ಗಾಜನ್ನು ಒರೆಸಿ ಇನ್ನೊಮ್ಮೆ ಚಿತ್ರ ತೆಗೆಯುವುದೇ ಬೇಗ ಮುಗಿಯುವ ಕೆಲಸ. ಒರೆಸಿದ ಬಿಲ್ಲೆಗಳನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡಿ, ಜೂನ್ ತಿಂಗಳಿನಿಂದಾಚೆಗಂತೂ ತಪ್ಪದೆ.

ಗುಡ್ಡವೋ, ಹೊಂಡವೋ?

ಎಲ್ಲವೂ ಸರಿಯಾದ ಮೇಲೆ ಉಳಿಯುವ ತಪ್ಪು ಚಿಹ್ನೆಯದು. ಪೀಜೋ ಮುಂದಕ್ಕೆ ತಳ್ಳುವ ಬದಲು ಹಿಂದಕ್ಕೆ ಎಳೆಯುವಂತೆ ತಂತಿ ಜೋಡಿಸಿದ್ದರೆ, ಅಥವಾ ಫೂರಿಯೇ ವಿಧಾನದಲ್ಲಿ ಎರಡು ಪಕ್ಕದ ಶಿಖರಗಳಲ್ಲಿ ಇನ್ನೊಂದನ್ನು ಆಯ್ದಿದ್ದರೆ, ಇಡೀ ಮೇಲ್ಮೈ ತಲೆಕೆಳಗಾಗುತ್ತದೆ, ಮತ್ತು ಬೇರೆ ಯಾವ ಪರೀಕ್ಷೆಯೂ ಅದನ್ನು ಹಿಡಿಯಲಾರದು. ಬಿಲ್ಲೆಯ ನಡುವೆ ಶುಭ್ರವಾದ ಕಾಗದದ ಚೂರು ಇಟ್ಟು, ಅದರ ಮೇಲೆ ಹೆಬ್ಬೆರಳನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. 6 ಮಿಲಿಮೀಟರ್ ದಪ್ಪದ ಸಾಧಾರಣ ಗಾಜು 5 ಡಿಗ್ರಿ ಬಿಸಿಯಾಗಿ ಅಡ್ಡಿಯಿಲ್ಲದೆ ಹಿಗ್ಗಿದರೆ 270 ನ್ಯಾನೊಮೀಟರ್ ಉಬ್ಬುತ್ತದೆ. ಸುತ್ತಲಿನ ತಣ್ಣನೆಯ ಗಾಜು ಹಿಡಿದುಕೊಳ್ಳುವುದರಿಂದ ಅಷ್ಟು ಬಾರದಿದ್ದರೂ ಕಾಣುವಷ್ಟಂತೂ ಬರುತ್ತದೆ. ಕಾಗದ ತೆಗೆದು ಕೂಡಲೇ ಐದು ಚಿತ್ರಗಳನ್ನು ತೆಗೆಯಿರಿ. ಹೆಬ್ಬೆರಳಿಟ್ಟ ಜಾಗ ಗುಡ್ಡವಾಗಿ ಕಂಡು, ಕೆಲವು ನಿಮಿಷಗಳಲ್ಲಿ ಮೆಲ್ಲನೆ ಕರಗಿದರೆ ಚಿಹ್ನೆ ಸರಿಯಿದೆ. ಹೊಂಡವಾಗಿ ಕಂಡರೆ ತೀ2 ಮತ್ತು ತೀ4ನ್ನು ಅದಲುಬದಲು ಮಾಡಿ, ಈ ವರೆಗೆ ಉಳಿಸಿಟ್ಟ ಕಡತಗಳನ್ನೆಲ್ಲ ಇನ್ನೊಮ್ಮೆ ಲೆಕ್ಕಕ್ಕೆ ಹಾಕಿ.